ಸಣ್ಣ ಊರು ಸಿಕ್ಕರೆ ಹಿಗ್ಗಿ ಹೋಗಿ

ಕೇಳುಗರೇ, ನಮಸ್ಕಾರ.

ಹೊರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸಬೇಕು ಅಂತ ಆಸೆ ಇಟ್ಟುಕೊಂಡ ಹುಡುಗ ಹುಡುಗಿಯರು ಈಗ ರೇಡಿಯೊ ಹತ್ತಿರ ಕೂತಿದ್ದೀರಿ ಅಂದುಕೊಂಡೇ ಮಾತು ಶುರು ಮಾಡುತ್ತೇನೆ. ಅಪ್ಪ ಅಮ್ಮನನ್ನೂ ಕರೆದು ಕೂರಿಸಿಕೊಳ್ಳಿ. ಅವರಿಗೂ ಹೇಳುವುದಿದೆ.

ನಾನು ಜಪಾನಿನ ಶಿಮಾನೆ ಪ್ರಾಂತ್ಯದಲ್ಲಿ, ಬೆಟ್ಟಗಳ ನಡುವಿನ ಒಂದು ಪುಟ್ಟ ಊರಿನ ಶಾಲೆಯಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕಿಯಾಗಿದ್ದೆ. ಈಗ ಅಲ್ಲಿಗೆ ಹೊರಟವರಿಗೆ ತಯಾರಿ ಹೇಳಿಕೊಡುವ ಕೆಲಸ. ನನ್ನ ಹತ್ತಿರ ಬರುವವರು ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಮೇಡಂ, ಟೋಕಿಯೊ ಸಿಗುತ್ತಾ?" ಇಲ್ಲ ಅಂದರೆ ಕ್ಯೋಟೊ. ಅದೂ ಇಲ್ಲ ಅಂದರೆ ಒಸಾಕಾ. ಪತ್ರ ಬಂದು, ಅದರಲ್ಲಿ ಹೆಸರೇ ಕೇಳಿರದ ಊರು ಕಂಡರೆ ಮುಖ ಸಪ್ಪಗಾಗುತ್ತದೆ. ಮನೆಯವರೂ "ಅಯ್ಯೋ, ಹಳ್ಳಿಗೆ ಹಾಕಿದರಲ್ಲಾ" ಅನ್ನುತ್ತಾರೆ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಸಣ್ಣ ಊರು ಸಿಕ್ಕರೆ ಹಿಗ್ಗಿ ಹೋಗಿ. ಮಾತು ಮುಗಿಯುವುದರೊಳಗೆ ಇದನ್ನು ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಗೊತ್ತಿಲ್ಲದವರಿಗೆ ಮೊದಲು ವ್ಯವಸ್ಥೆಯನ್ನು ಹೇಳಿಬಿಡುತ್ತೇನೆ. ಜಪಾನ್ ಸರ್ಕಾರ 1987ರಲ್ಲಿ ಜೆಟ್ ಎಂಬ ಯೋಜನೆ ಶುರು ಮಾಡಿತು. ಬೇರೆ ಬೇರೆ ದೇಶಗಳಿಂದ ಪದವಿ ಮುಗಿಸಿದ ಯುವಜನರನ್ನು ಕರೆಸಿ ಶಾಲೆಗಳಿಗೆ ಕಳಿಸುತ್ತಾರೆ. ಪದವಿ ಯಾವ ವಿಷಯದ್ದಾದರೂ ನಡೆಯುತ್ತದೆ. ಒಪ್ಪಂದ 1 ವರ್ಷದ್ದು, ಎರಡೂ ಕಡೆಯವರಿಗೆ ಒಪ್ಪಿಗೆಯಾದರೆ 5 ವರ್ಷದವರೆಗೆ ಮುಂದುವರಿಸಬಹುದು. ಇಂಥವರನ್ನು ಅಲ್ಲಿ ಎಎಲ್‌ಟಿ, ಅಂದರೆ ಸಹಾಯಕ ಭಾಷಾ ಶಿಕ್ಷಕರು, ಅನ್ನುತ್ತಾರೆ. ತರಗತಿಯಲ್ಲಿ ಜಪಾನಿ ಶಿಕ್ಷಕರು ಇರುತ್ತಾರೆ, ಪಕ್ಕದಲ್ಲಿ ನೀವು. ವ್ಯಾಕರಣ ಅವರದು, ಮಾತು ನಿಮ್ಮದು. 2020ರಿಂದ ಪ್ರಾಥಮಿಕ ಶಾಲೆಯ 5 ಮತ್ತು 6ನೇ ತರಗತಿಗೂ ಇಂಗ್ಲಿಷ್ ಪೂರ್ಣ ಪಾಠವಾಗಿದೆ. ಹಾಗಾಗಿ ಸಣ್ಣ ಊರಿನಲ್ಲಿ ಒಬ್ಬರೇ ಎಎಲ್‌ಟಿ ವಾರದಲ್ಲಿ ಮೂರು ನಾಲ್ಕು ಶಾಲೆ ಸುತ್ತುವುದೂ ಉಂಟು.

ದಿನ ಹೇಗೆ ಸಾಗುತ್ತದೆ ಅಂದರೆ, ಬೆಳಿಗ್ಗೆ ಶಾಲೆಯ ಬಾಗಿಲಲ್ಲೇ ಹೊರಗಿನ ಚಪ್ಪಲಿ ಬಿಟ್ಟು ಒಳಗಿನದು ಹಾಕಿಕೊಳ್ಳುತ್ತೀರಿ. ಶಿಕ್ಷಕರ ಕೋಣೆಯಲ್ಲಿ ಎಲ್ಲರ ಮೇಜುಗಳೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬೆಳಗಿನ ಸಭೆ ಆಗುತ್ತದೆ, ಆಮೇಲೆ ಪಾಠಗಳು, ಮಾಧ್ಯಮಿಕ ಶಾಲೆಯಲ್ಲಾದರೆ 50 ನಿಮಿಷದವು. ಮಧ್ಯಾಹ್ನ ಮಕ್ಕಳೇ ಬಿಳಿ ಏಪ್ರನ್, ಬಿಳಿ ಟೋಪಿ ಹಾಕಿಕೊಂಡು ಊಟ ಬಡಿಸುತ್ತಾರೆ. ನೀವು ಅವರ ಜೊತೆ, ಅವರ ಮೇಜಿನಲ್ಲೇ, ಅದೇ ಅನ್ನ, ಅದೇ ಸಾರು, ಅದೇ 200 ಮಿಲಿಲೀಟರ್ ಹಾಲು. ಊಟವಾದ ಮೇಲೆ ಶಾಲೆ ಗುಡಿಸುವುದು, ಒರೆಸುವುದು ಎಲ್ಲ ಮಕ್ಕಳದೇ ಕೆಲಸ. ಬಟ್ಟೆ ಹಿಡಿದು ನೀವೂ ನೆಲಕ್ಕೆ ಬಗ್ಗಿ. ಯಾರೂ ಬಲವಂತ ಮಾಡುವುದಿಲ್ಲ, ಆದರೂ ಬಗ್ಗಿ. ಪಾಠದ ಹೊತ್ತಿನಲ್ಲಿ ಬಾಯಿ ಬಿಡದ ಮಗು ಕಿಟಕಿ ಒರೆಸುವಾಗ ನಿಮ್ಮ ನಾಯಿಯ ಹೆಸರು ಕೇಳುತ್ತದೆ. ಸಂಜೆ ಕೆಂಡೊ ಎಂಬ ಕತ್ತಿವರಸೆ, ಬ್ಯಾಂಡ್, ಬೇಸ್‌ಬಾಲ್, ಹೀಗೆ ಒಂದೊಂದು ಕೂಟ. ಅಲ್ಲಿಗೂ ಹೋಗಿ ನಿಲ್ಲಿ.

ಇದೆಲ್ಲ ಟೋಕಿಯೊದಲ್ಲೂ ನಡೆಯುತ್ತದಲ್ಲ ಅನ್ನುತ್ತೀರಿ. ಶಾಲೆಯೊಳಗೆ ನಡೆಯುತ್ತದೆ, ಸರಿ. ಗೇಟು ದಾಟಿದ ಮೇಲೆ ನೀವು ಆ ಜನಸಾಗರದಲ್ಲಿ ಯಾರಿಗೂ ಕಾಣುವುದಿಲ್ಲ, ನಿಮಗೂ ಯಾರೂ ಕಾಣುವುದಿಲ್ಲ. ಸಣ್ಣ ಊರಿನಲ್ಲಿ ಹಾಗಲ್ಲ. ಅಂಗಡಿಯಲ್ಲಿ ತೋಫು ಕೊಳ್ಳುವಾಗ, ಬಿಸಿನೀರಿನ ಬುಗ್ಗೆಯ ಸ್ನಾನದ ಮನೆಯಲ್ಲಿ, ಹಬ್ಬದ ಮೆರವಣಿಗೆಯಲ್ಲಿ ಅದೇ ಮಕ್ಕಳು, ಅವರ ಅಜ್ಜಿಯಂದಿರು ಎದುರಾಗುತ್ತಾರೆ. ಇಂಗ್ಲಿಷ್ ಕಲಿಯುವುದು ಅಲ್ಲಿ. ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಶಿಮಾನೆಯಲ್ಲಿ ಕಿಸುಕಿ ಅಂತ ಒಂದು ರೈಲುಮಾರ್ಗವಿದೆ. ಶಿಂಜಿ ಸರೋವರದ ದಡದಿಂದ ಹೊರಟು ಬೆಟ್ಟ ಹತ್ತಿ ಹಿರೋಶಿಮಾ ಪ್ರಾಂತ್ಯದ ಬಿಂಗೊ-ಒಚಿಯಾಯಿ ಎಂಬ ನಿಲ್ದಾಣ ಸೇರುತ್ತದೆ. ಸುಮಾರು 82 ಕಿಲೋಮೀಟರ್ ದಾರಿ, ಹೋಗಲು ಸುಮಾರು 3 ಗಂಟೆ ಬೇಕು. ಒಂಟಿ ಡಬ್ಬಿಯ ಡೀಸೆಲ್ ರೈಲು. ದಿನಕ್ಕೆ ಬೆರಳೆಣಿಕೆಯಷ್ಟು ಓಡಾಟ, ಕೊನೆಯ ತುದಿಯವರೆಗೆ ಹೋಗುವುದು ಅದಕ್ಕಿಂತಲೂ ಕಡಿಮೆ. 1937ರಲ್ಲಿ ಪೂರ್ತಿಯಾದ ಈ ಮಾರ್ಗದಲ್ಲಿ ಇಜುಮೊ-ಸಕಾನೆ ಅಂತ ಒಂದು ನಿಲ್ದಾಣ. ಮುಂದಿನ ನಿಲ್ದಾಣ ಅದಕ್ಕಿಂತ ಸುಮಾರು 160 ಮೀಟರ್ ಮೇಲಿದೆ. ರೈಲು ಅಷ್ಟು ಕಡಿದಾದ ಏರನ್ನು ನೇರವಾಗಿ ಹತ್ತಲಾರದು. ಭಾರ ಹೇರಿದ ಎತ್ತಿನಗಾಡಿಯನ್ನು ಏರಿನಲ್ಲಿ ಅಡ್ಡಡ್ಡ ಎಳೆಸಿ ಹತ್ತಿಸುತ್ತಾರಲ್ಲ, ಹಾಗೆ ಇದನ್ನೂ ಹತ್ತಿಸುತ್ತಾರೆ.

ಒಂದು ಶನಿವಾರ, ಎಲೆಗಳು ಕೆಂಪಾಗುವ ಹೊತ್ತು, ಇಜುಮೊ-ಯೊಕೊತಾ ನಿಲ್ದಾಣದಲ್ಲಿ ರೈಲು ಹತ್ತಿದೆ. ಡಬ್ಬಿಯಲ್ಲಿ ನಾಲ್ಕಾರು ಜನ. ಕೊನೆಯ ಸೀಟಿನಲ್ಲಿ ನಮ್ಮ ಮಾಧ್ಯಮಿಕ ಶಾಲೆಯ 2ನೇ ವರ್ಷದ, ಅಂದರೆ ಇಲ್ಲಿನ 8ನೇ ತರಗತಿಯ, ಹುಡುಗನೊಬ್ಬ ಕ್ಯಾಮೆರಾ, ಜೊತೆಗೆ ಇಟ್ಟಿಗೆ ಗಾತ್ರದ ರೈಲ್ವೆ ವೇಳಾಪಟ್ಟಿ ಇಟ್ಟುಕೊಂಡು ಕೂತಿದ್ದ. ತರಗತಿಯಲ್ಲಿ ಏನು ಕೇಳಿದರೂ ಮೇಜು ನೋಡುವ ಹುಡುಗ. ನನ್ನನ್ನು ಕಂಡು ಎದ್ದು ನಿಂತು ತಲೆಬಾಗಿದ, ಮತ್ತೆ ಕಿಟಕಿಯತ್ತ ತಿರುಗಿದ. ನಾನೂ ಸುಮ್ಮನಿದ್ದೆ.

ಸಕಾನೆ ಬಂತು. ರೈಲು ನಿಂತಿತು. ಚಾಲಕರು ಎದ್ದು, ಚೀಲ ಕೈಯಲ್ಲಿ ಹಿಡಿದು, ಡಬ್ಬಿಯ ಉದ್ದಕ್ಕೂ ನಡೆದುಕೊಂಡು ಬಂದು ಹಿಂದಿನ ತುದಿಯ ಕೋಣೆಯಲ್ಲಿ ಕೂತರು. ರೈಲು ಬಂದ ದಿಕ್ಕಿಗೇ ಹೊರಟಿತು! ನಾನು ಕತ್ತು ತಿರುಗಿಸಿ ತಿರುಗಿಸಿ ನೋಡುವುದನ್ನು ಆ ಹುಡುಗ ಗಮನಿಸಿದ. ಎದ್ದು ಬಂದ. ಮಂಜುಗಟ್ಟಿದ ಕಿಟಕಿ ಗಾಜಿನ ಮೇಲೆ ಬೆರಳಿನಿಂದ ಮೂರು ಗೆರೆ ಎಳೆದ, ಒಂದರ ತುದಿಯಿಂದ ಇನ್ನೊಂದು ಹಿಂದಕ್ಕೆ ಮಡಚಿಕೊಂಡ ಹಾಗೆ. ಬೆರಳಿಟ್ಟು ತೋರಿಸುತ್ತಾ ಇಂಗ್ಲಿಷಿನಲ್ಲಿ ಹೇಳಿದ: "ಹಿಯರ್, ಸ್ಟಾಪ್. ಬ್ಯಾಕ್. ಸ್ಟಾಪ್. ಗೋ." ಏಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ಮೌಂಟನ್ ಈಸ್ ಸ್ಟ್ರಾಂಗ್. ಟ್ರೈನ್ ಈಸ್ ಸ್ಮಾಲ್."

ಕೇಳುಗರೇ, ಅದಕ್ಕಿಂತ ಚೆನ್ನಾಗಿ ಆ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳಲು ನನಗೂ ಬರುವುದಿಲ್ಲ. ಅಷ್ಟರಲ್ಲಿ ರೈಲು ಮೇಲಿನ ತಿರುವಿನಲ್ಲಿ ನಿಂತಿತು. ಚಾಲಕರು ಮತ್ತೆ ನಮ್ಮ ಪಕ್ಕದಿಂದಲೇ ಹಾದು ಮುಂದಿನ ತುದಿಗೆ ಹೋದರು. ಹುಡುಗ ಹೆಮ್ಮೆಯಿಂದ ನನ್ನತ್ತ ನೋಡಿದ, ತಾನು ಹೇಳಿದ್ದು ಸರಿಯಾಯಿತು ಅಂತ. ಬೆಟ್ಟದ ತಲೆಯಲ್ಲಿರುವ ಮಿಯಿನೊಹಾರಾ ನಿಲ್ದಾಣ ಪಶ್ಚಿಮ ಜಪಾನ್ ರೈಲ್ವೆಯ ನಿಲ್ದಾಣಗಳಲ್ಲೆಲ್ಲ ಅತಿ ಎತ್ತರದ್ದು ಅನ್ನುವುದನ್ನು ಹೇಳಿದವನೂ ಅವನೇ. 727 ಮೀಟರ್ ಅಂತ ಹೇಳಲು ಆ ಅಂಕಿಯನ್ನು ಒಂದೊಂದಾಗಿ ಬಿಡಿಸಿದ. ಒಟ್ಟಿಗೆ ಹೇಗೆ ಹೇಳುವುದು ಅಂತ ನನ್ನನ್ನೇ ಕೇಳಿದ. ಹೇಳಿಕೊಟ್ಟೆ. ಅವನು ಅದನ್ನು ಬಿಂಗೊ-ಒಚಿಯಾಯಿ ಬರುವವರೆಗೂ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ.

ಮುಂದಿನ ವಾರ ಪಾಠದಲ್ಲಿ ಗಂಟೆ, ನಿಮಿಷ ಹೇಳುವುದು ಇತ್ತು. ಪುಸ್ತಕದಲ್ಲಿ ಗಡಿಯಾರದ ಚಿತ್ರ. ಆ ಚಿತ್ರ ನೋಡಿ ಸಮಯ ಹೇಳಲು ಯಾವ ಮಗುವಿಗೆ ಉಮೇದು ಬರುತ್ತದೆ? ನಾನು ಕಿಸುಕಿ ಮಾರ್ಗದ ವೇಳಾಪಟ್ಟಿಯನ್ನೇ ನಕಲು ತೆಗೆಸಿ ಹಂಚಿದೆ. ಅರ್ಧ ಮಕ್ಕಳು ಪ್ರಯಾಣಿಕರು, ಅರ್ಧ ನಿಲ್ದಾಣದ ಸಿಬ್ಬಂದಿ. ಮುಂದಿನ ರೈಲು ಎಷ್ಟಕ್ಕೆ, ಎಲ್ಲಿ ಇಳಿಯಬೇಕು, ಎಷ್ಟು ಹೊತ್ತು ಕಾಯಬೇಕು. ಆ ಹುಡುಗನ ಮೇಜಿನ ಮುಂದೆ ಸಾಲು ನಿಂತಿತು. ಏಕೆಂದರೆ ಕಾಗದ ನೋಡದೆ ಉತ್ತರ ಹೇಳುತ್ತಿದ್ದವನು ಅವನೊಬ್ಬನೇ. ಅವನು ಆಮೇಲೆ ಮಾತಿನ ಮಲ್ಲನೇನೂ ಆಗಲಿಲ್ಲ. ಆದರೆ ಸಮಯ ಕೇಳಿದರೆ ತಲೆ ಎತ್ತಿ ಹೇಳುತ್ತಿದ್ದ. ಹೈಸ್ಕೂಲು ಪ್ರವೇಶ ಪರೀಕ್ಷೆಯ ಚಿಂತೆಯಲ್ಲೇ ಇರುತ್ತಿದ್ದ ನಮ್ಮ ಜಪಾನಿ ಶಿಕ್ಷಕರು ಮರುವರ್ಷವೂ ಅದೇ ವೇಳಾಪಟ್ಟಿ ಇಟ್ಟುಕೊಂಡು ಪಾಠ ಮಾಡಿದರು.

ಈಗ ಹೇಳಿ. ಶನಿವಾರ ನಾನು ಬುಲೆಟ್ ರೈಲು ಹಿಡಿದು ಟೋಕಿಯೊಗೆ ಓಡಿದ್ದರೆ ಆ ಹುಡುಗ ನನಗೆ ಸಿಗುತ್ತಿದ್ದನೇ? ಅದಕ್ಕೇ ಹೇಳುವುದು, ಸಣ್ಣ ಊರು ಸಿಕ್ಕರೆ ಹಿಗ್ಗಿ ಹೋಗಿ. ಹೋದ ಮೇಲೆ ವಾರ ವಾರವೂ ಅಲ್ಲಿಂದ ಓಡಬೇಡಿ.

ಇದು ನಾನೊಬ್ಬಳೇ ಕಂಡುಕೊಂಡದ್ದಲ್ಲ. ಲಾಫ್ಕಾಡಿಯೊ ಹರ್ನ್ ಎಂಬ ಬರಹಗಾರರು 1890ರಲ್ಲಿ ಇದೇ ಶಿಮಾನೆಯ ಮಾತ್ಸುಯೆಗೆ ಇಂಗ್ಲಿಷ್ ಶಿಕ್ಷಕರಾಗಿ ಬಂದರು. ಅಲ್ಲಿ ಇದ್ದದ್ದು ಒಂದು ವರ್ಷದ ಮೇಲೆ ಕೆಲವೇ ತಿಂಗಳು. ಆ ಪಟ್ಟಣದ ಸಮುರಾಯಿ ಮನೆತನದ ಸೆತ್ಸು ಎಂಬಾಕೆಯನ್ನು ಮದುವೆಯಾದರು. ಆಕೆ ಹೇಳಿದ ಹಳೆಯ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದರು. 1896ರಲ್ಲಿ ಜಪಾನಿನ ಪ್ರಜೆಯಾಗಿ ಕೊಯಿಜುಮಿ ಯಕುಮೊ ಆದರು. ಆಮೇಲೆ ಟೋಕಿಯೊದ ದೊಡ್ಡ ವಿಶ್ವವಿದ್ಯಾಲಯದಲ್ಲೂ ಕಲಿಸಿದರು, ನಿಜ. ಆದರೆ ಅವರು ವಾಸವಿದ್ದ ಮನೆಯನ್ನು ಇವತ್ತಿಗೂ ಕಾಪಾಡಿಕೊಂಡು, ಪಕ್ಕದಲ್ಲೇ ವಸ್ತುಸಂಗ್ರಹಾಲಯ ಕಟ್ಟಿ ನಡೆಸುತ್ತಿರುವುದು ಮಾತ್ಸುಯೆಯ ಜನ.

ರೈಲಿನ ಕಥೆಗೇ ಹೆಚ್ಚು ಸಮಯ ಹೋಯಿತು, ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಪ್ರವಾಸ ಮಾಡಬೇಡಿ ಅನ್ನುತ್ತಿಲ್ಲ. ನಿಮ್ಮ ಪ್ರಾಂತ್ಯದಿಂದ ಶುರು ಮಾಡಿ. ಶಿಮಾನೆಯಲ್ಲೇ ಇಜುಮೊ ಮಹಾದೇವಾಲಯವಿದೆ. ಬೇರೆ ದೇವಸ್ಥಾನಗಳಲ್ಲಿ 2 ಸಲ ಚಪ್ಪಾಳೆ ತಟ್ಟಿದರೆ ಇಲ್ಲಿ 4 ಸಲ. ಚಾಂದ್ರಮಾನದ 10ನೇ ತಿಂಗಳಲ್ಲಿ ಜಪಾನಿನ ದೇವರುಗಳೆಲ್ಲ ಇಲ್ಲಿ ಬಂದು ಸೇರುತ್ತಾರೆ ಅನ್ನುವುದು ಅಲ್ಲಿನವರ ನಂಬಿಕೆ. ಇವಾಮಿ ಬೆಳ್ಳಿ ಗಣಿ 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮಾತ್ಸುಯೆ ಕೋಟೆ 1611ರದ್ದು, ಮೂಲ ಗೋಪುರ ಉಳಿದುಕೊಂಡಿರುವ 12 ಕೋಟೆಗಳಲ್ಲಿ ಅದೂ ಒಂದು. ಓಕಿ ದ್ವೀಪಗಳಿಗೆ ಹಡಗಿದೆ. ದೂರ ಹೋಗಲೇಬೇಕೆನಿಸಿದರೆ ಶಾಲೆ ರಜೆಯ ಕಾಲದಲ್ಲಿ ಸೆಯಿಶುನ್ 18 ಅನ್ನುವ ಟಿಕೆಟ್ ಮಾರುತ್ತಾರೆ, 1982ರಿಂದ ಇದೆ. ಹೆಸರಿನಲ್ಲಿ 18 ಇದ್ದರೂ ವಯಸ್ಸಿನ ಮಿತಿಯಿಲ್ಲ. ಈಗ ಅದು ಬಿಡದೆ 3 ದಿನಕ್ಕೆ 10,000 ಯೆನ್, 5 ದಿನಕ್ಕೆ 12,050 ಯೆನ್. ಸಾಮಾನ್ಯ ರೈಲುಗಳಲ್ಲಿ ಎಷ್ಟು ಬೇಕಾದರೂ ಓಡಾಡಬಹುದು. ಟೋಕಿಯೊ ನೋಡಲೇಬೇಕೇ? ಇಜುಮೊದಿಂದ ಸಂಜೆ ಸನ್‌ರೈಸ್ ರೈಲು ಹತ್ತಿ ಮಲಗಿದರೆ ಬೆಳಿಗ್ಗೆ ಟೋಕಿಯೊ. ನೋಡಿ, ವಾಪಸ್ ಬನ್ನಿ. ಬರುವಾಗ ಶಿಕ್ಷಕರ ಕೋಣೆಯ ಎಲ್ಲರಿಗೂ ಒಂದೊಂದು ಸಿಹಿ ತರುವುದನ್ನು ಮರೆಯಬೇಡಿ. ಅದು ಅಲ್ಲಿನ ಪದ್ಧತಿ.

ಅಪ್ಪ ಅಮ್ಮನಿಗೆ ಈಗ. ಚಳಿಗಾಲದ ಬಗ್ಗೆ ಚಿಂತೆ ಮಾಡಿ, ಅದು ನ್ಯಾಯ. ಹಳೆಯ ಮನೆಗಳಲ್ಲಿ ಒಂದು ಕೋಣೆ ಮಾತ್ರ ಬೆಚ್ಚಗಿರುತ್ತದೆ, ಸೀಮೆಎಣ್ಣೆ ಒಲೆಯಿಂದ. ಕಿಟಕಿ ಸ್ವಲ್ಪ ತೆರೆದು ಗಾಳಿ ಆಡಿಸಬೇಕು, ಮಲಗುವಾಗ ಆರಿಸಲೇಬೇಕು. ಊಟದ ಚಿಂತೆಯೂ ನ್ಯಾಯವೇ. ಸಸ್ಯಾಹಾರಿಗಳಿದ್ದರೆ ತರಕಾರಿ ಸಾರಿನಲ್ಲೂ ದಾಶಿ ಎಂಬ ಮೀನಿನ ತಿಳಿರಸ ಇರುತ್ತದೆ. ಇದನ್ನು ಶಾಲೆಗೆ ಮೊದಲೇ ತಿಳಿಸಿ ಬುತ್ತಿ ಒಯ್ಯಬಹುದು, ಆದರೆ ಕೂರುವುದು ಮಾತ್ರ ಮಕ್ಕಳ ಜೊತೆಗೇ. ಮೊದಲ ಸಂಬಳ ಕೈಗೆ ಬರುವವರೆಗಿನ ಖರ್ಚಿಗೆ ಹಣ ಕೊಟ್ಟು ಕಳಿಸಿ. ಬೆಟ್ಟದ ಊರಿನಲ್ಲಿ ಕಾರು ಬೇಕಾಗುತ್ತದೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲಿಂದಲೇ ಮಾಡಿಸಿಕೊಂಡು ಹೋಗಲಿ, ಅಲ್ಲಿ ಅದು 1 ವರ್ಷ ನಡೆಯುತ್ತದೆ. ಅಲ್ಲೂ ರಸ್ತೆಯ ಎಡಗಡೆಯೇ ಓಡಿಸುವುದು. ಕಸ ಬೇರ್ಪಡಿಸುವುದನ್ನು ಪಕ್ಕದ ಮನೆಯವರೇ ಹೇಳಿಕೊಡುತ್ತಾರೆ. ಸಣ್ಣ ಊರಿನ ಅನುಕೂಲಗಳಲ್ಲಿ ಅದೂ ಒಂದು. ಜ್ವರ ಬಂದರೆ ಬಾಗಿಲು ತಟ್ಟಿ ವಿಚಾರಿಸುವವರೂ ಅವರೇ. ಮಗಳು ಹಳ್ಳಿಯಲ್ಲಿ ಒಬ್ಬಳೇ ಅಂತ ಹೆದರುವ ತಾಯಂದಿರು ಇದನ್ನು ಗಮನಿಸಿ.

ಕೊನೆಗೆ ಅರ್ಜಿಯ ವಿಷಯ. ಅದರಲ್ಲಿ ಯಾವ ಊರು ಇಷ್ಟ ಅಂತ ಕೇಳುವ ಜಾಗವೊಂದಿದೆ. ಕೇಳಿದ್ದೇ ಸಿಗುತ್ತದೆ ಅಂತಲ್ಲ, ಆದರೂ ಬರೆಯಿರಿ. ದಯವಿಟ್ಟು ಅಲ್ಲಿ ಟೋಕಿಯೊ ಬರೆಯಬೇಡಿ. ಶಿಮಾನೆ ಬರೆಯಿರಿ, ತೊತ್ತೊರಿ ಬರೆಯಿರಿ, ಕೊಚಿ ಬರೆಯಿರಿ, ಅಕಿತಾ ಬರೆಯಿರಿ.

ನಮಸ್ಕಾರ.