ಬೆದೆ ಮುಗಿದ ಮೇಲಿನ ಎರಡು ತಿಂಗಳು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಹೆಣ್ಣು ನಾಯಿ ಸಾಕಿದವರೇ. ಹಾಗಾಗಿ ಬೆದೆ ಅಂದರೆ ಏನು ಎಂದು ನಾನು ಹೇಳುತ್ತಾ ಕೂರುವುದಿಲ್ಲ. ಸುಮಾರು 9 ದಿನ ರಕ್ತ, ಆಮೇಲೆ ಇನ್ನೊಂದು 9 ದಿನ ಗೇಟಿನ ಹೊರಗೆ ಗಂಡು ನಾಯಿಗಳ ಸಾಲು, ನೆಲ ಒರೆಸಿ ಒರೆಸಿ ಕೈ ಸೋಲುವುದು. ಇದೆಲ್ಲ ನಿಮಗೆ ಗೊತ್ತು. ಮೂರು ವಾರ ಕಳೆದರೆ 'ಸದ್ಯ, ಮುಗೀತಪ್ಪ' ಅನ್ನುತ್ತೀರಿ. ನಾನು ಇವತ್ತು ಮಾತಾಡಲು ಬಂದಿರುವುದು ಆ 'ಮುಗೀತು' ಅನ್ನುವ ಮಾತಿನ ಬಗ್ಗೆ. ಹೊರಗೆ ಕಾಣುವುದು ಮುಗಿದಿರುತ್ತದೆ, ನಿಜ. ಒಳಗಿನ ಕೆಲಸ ಆಗ ತಾನೇ ಶುರುವಾಗಿರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ನಾಯಿಯ ರಕ್ತ ಹೆಂಗಸರ ಮುಟ್ಟಿನಂತಲ್ಲ. ಮುಟ್ಟು ಬರುವುದು ಗರ್ಭ ನಿಲ್ಲಲಿಲ್ಲ ಎಂದು ಗೊತ್ತಾದ ಮೇಲೆ. ನಾಯಿಯ ರಕ್ತ ಬರುವುದು ಎಲ್ಲದಕ್ಕೂ ಮೊದಲು, ಈಸ್ಟ್ರೊಜೆನ್ ಎಂಬ ಹಾರ್ಮೋನು ಏರುತ್ತಿರುವಾಗ. ನಾಯಿಗೆ ಮುಟ್ಟು ನಿಲ್ಲುವ ವಯಸ್ಸು ಅಂತಲೂ ಇಲ್ಲ. ಮುದಿ ನಾಯಿಯೂ ಬೆದೆಗೆ ಬರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಹಸುವನ್ನು ನೋಡಿ. ಗಬ್ಬ ನಿಲ್ಲದಿದ್ದರೆ 21 ದಿನಕ್ಕೆ ಮತ್ತೆ ಬೆದೆ. ಗಬ್ಬ ನಿಂತಿಲ್ಲ ಎಂದು ಅದರ ಮೈಗೆ ಗೊತ್ತಾಗುತ್ತದೆ, ಹೊಸದಾಗಿ ಶುರು ಮಾಡುತ್ತದೆ. ನಾಯಿಯ ಮೈಗೆ ಅದು ಗೊತ್ತೇ ಆಗುವುದಿಲ್ಲ! ಅಂಡಗಳು ಹೊರಬಿದ್ದ ಜಾಗದಲ್ಲಿ ಅಂಡಾಶಯದ ಮೇಲೆ ಸಣ್ಣ ಗಂಟುಗಳು ಬೆಳೆಯುತ್ತವೆ. ಅವು ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ಇದು ಗರ್ಭವನ್ನು ಕಾಪಾಡುವ ಹಾರ್ಮೋನು. ನಾಯಿ ಗಂಡಿನ ಜೊತೆ ಸೇರಿರಲಿ, ಸೇರದೇ ಇರಲಿ, ಸುಮಾರು ಎರಡು ತಿಂಗಳು ಇದು ರಕ್ತದಲ್ಲಿ ಇದ್ದೇ ಇರುತ್ತದೆ. ನಾಯಿ ಮರಿ ಹಾಕಲು ಬೇಕಾದ ಕಾಲವೂ ಅಷ್ಟೇ, ಸುಮಾರು 63 ದಿನ. ಅಂದರೆ ಪ್ರತಿ ಬೆದೆಯ ನಂತರವೂ, ಮರಿ ಇಲ್ಲದಿದ್ದರೂ, ಅವಳ ಮೈ ಬಸುರಿಯ ಮೈಯೇ. ಪ್ರೊಜೆಸ್ಟರಾನ್ ಪರೀಕ್ಷೆ ಮಾಡಿ ನಾಯಿ ಗಬ್ಬವೋ ಅಲ್ಲವೋ ಹೇಳಲು ಆಗದಿರುವುದು ಇದಕ್ಕೇ. ಅದಕ್ಕೆ ಸ್ಕ್ಯಾನ್ ಬೇಕು, ಅಥವಾ ರಿಲ್ಯಾಕ್ಸಿನ್ ಎಂಬ ಹಾರ್ಮೋನಿನ ಪರೀಕ್ಷೆ. ರಿಲ್ಯಾಕ್ಸಿನ್ ಬರುವುದು ಮಾಸಿನಿಂದ, ಅಂದರೆ ಗರ್ಭದಲ್ಲಿ ಮರಿಗೆ ಆಹಾರ ಒದಗಿಸುವ ಪ್ಲಾಸೆಂಟಾದಿಂದ. ಮರಿ ಇಲ್ಲದೆ ಮಾಸು ಎಲ್ಲಿಂದ ಬರಬೇಕು, ಅಲ್ವಾ?

ಪುಟ್ಟಿಯ ಕಥೆ ಹೇಳುತ್ತೇನೆ. ನಿಮ್ಮಲ್ಲಿ ಕೆಲವರು ಇದನ್ನು ಮೊದಲೇ ಕೇಳಿದ್ದೀರಿ. ಪರವಾಗಿಲ್ಲ, ಇನ್ನೊಮ್ಮೆ ಕೇಳಿ.

ಪುಟ್ಟಿಯನ್ನು ಸಾಕಿದ್ದು ಒಬ್ಬ ಅಜ್ಜಿ. ಒಂದು ದಿನ ಫೋನ್ ಮಾಡಿದರು. ದನಿ ತೀರಾ ಸಣ್ಣದು, ಪಕ್ಕದ ಮನೆಯವರಿಗೆ ಕೇಳಿಸಬಾರದು ಅನ್ನುವ ಹಾಗೆ. "ಡಾಕ್ಟ್ರೇ, ನಮ್ಮ ಪುಟ್ಟಿ ಮನೆ ಬಿಟ್ಟು ಹೊರಗೆ ಹೋಗಿಲ್ಲ. ಒಂದು ಗಂಡು ನಾಯೀನೂ ಒಳಗೆ ಬಂದಿಲ್ಲ. ಆದ್ರೆ ಹಾಲು ಬರ್ತಾ ಇದೆ." ಹೋಗಿ ನೋಡಿದೆ. ಪುಟ್ಟಿ ಮಂಚದ ಕೆಳಗೆ ಮಲಗಿದ್ದಳು. ಹೊಟ್ಟೆಗೆ ಒತ್ತಿಕೊಂಡು ಹನ್ನೊಂದು ಕಾಲುಚೀಲ. ಎಲ್ಲವೂ ಒಂಟಿ. ಒಂದೊಂದು ಜೋಡಿಯಿಂದ ಒಂದೊಂದನ್ನೇ ಆರಿಸಿ ತಂದಿದ್ದಳು. ಒಂದು ಜಾರಿ ದೂರ ಹೋದರೆ ಬಾಯಲ್ಲಿ ಮೆಲ್ಲಗೆ ಹಿಡಿದು ವಾಪಸ್ ತರುತ್ತಿದ್ದಳು. ಮೊಮ್ಮಗ ಕೈ ಹಾಕಿದರೆ ಗುರ್ ಅನ್ನುತ್ತಿದ್ದಳು. ಆ ಹುಡುಗ ಅವಳ ಪ್ರಾಣ, ಅವನ ಮೇಲೇ ಹಲ್ಲು ತೋರಿಸಿದ್ದಳು. ಅಜ್ಜಿ ಕಣ್ಣಲ್ಲಿ ನೀರು.

"ಅಮ್ಮಾ, ಬೆದೆ ಮುಗಿದು ಎಷ್ಟು ದಿನ ಆಯ್ತು?" ಅಂದೆ. ಗೊತ್ತಿಲ್ಲ. ಆಗಲೇ ಹೇಳಿದೆ, ಈಗಲೂ ಹೇಳುತ್ತೇನೆ: ತಾರೀಕು ಬರೆದಿಡಿ. ಕ್ಯಾಲೆಂಡರಿನಲ್ಲಿ ರಕ್ತ ಕಂಡ ಮೊದಲ ದಿನಕ್ಕೆ ಒಂದು ಗುರುತು ಹಾಕಿ.

ಇದಕ್ಕೆ ಸುಳ್ಳು ಗಬ್ಬ ಅನ್ನುತ್ತೇವೆ. ಹೆಸರು ಸುಳ್ಳಾದರೂ ನಾಯಿ ನಾಟಕ ಮಾಡುತ್ತಿಲ್ಲ. ಬೆದೆ ಕಳೆದ ಆರರಿಂದ ಎಂಟು ವಾರದ ಹೊತ್ತಿಗೆ ಪ್ರೊಜೆಸ್ಟರಾನ್ ಇಳಿಯುತ್ತದೆ, ಪ್ರೊಲ್ಯಾಕ್ಟಿನ್ ಏರುತ್ತದೆ. ಹಾಲು ತರಿಸುವ ಹಾರ್ಮೋನು ಅದು. ಮರಿಯನ್ನು ಕಾಯುವ ಬುದ್ಧಿಯನ್ನೂ ಅದೇ ತರುತ್ತದೆ. ಕಾಯಲು ಮರಿ ಇಲ್ಲ. ಸಿಕ್ಕ ಕಾಲುಚೀಲವೇ ಮರಿ. ಇದು ರೋಗವಲ್ಲ, ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನೇ ಇಳಿಯುತ್ತದೆ. ನೀವು ಮಾಡಬೇಕಾದ್ದು ಕಡಿಮೆ, ಮಾಡಬಾರದ್ದೇ ಜಾಸ್ತಿ. ಹಾಲು ಹಿಂಡಬೇಡಿ. ಒತ್ತಡ ಕಡಿಮೆಯಾಗಲಿ ಎಂದು ಹಿಂಡುತ್ತಾರೆ, ಹಿಂಡಿದಷ್ಟೂ ಹಾಲು ಬರುತ್ತದೆ. ಬಿಸಿ ಶಾಖ, ಎಣ್ಣೆ ತಿಕ್ಕುವುದು ಬೇಡ. ಅವಳೇ ನೆಕ್ಕಿಕೊಳ್ಳದಂತೆ ಕೊರಳಿಗೆ ಲಾಳಿಕೆಯಂಥ ಅಗಲ ಕಾಲರ್ ಹಾಕಿ. 'ಮರಿ'ಗಳನ್ನು ಅವಳು ವಾಕಿಂಗ್ ಹೋದಾಗ ಎತ್ತಿಡಿ, ಎದುರಿಗೆ ಕಿತ್ತುಕೊಳ್ಳಬೇಡಿ. ತೀರಾ ಕಷ್ಟಪಡುತ್ತಿದ್ದರೆ ಪ್ರೊಲ್ಯಾಕ್ಟಿನ್ ಇಳಿಸುವ ಕ್ಯಾಬರ್ಗೋಲಿನ್ ಎಂಬ ಔಷಧಿ ಇದೆ, ನಿಮ್ಮ ಪಶುವೈದ್ಯರು ಕೊಡುತ್ತಾರೆ. ಮೊಲೆ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾದರೆ ಅದು ಬೇರೆ, ಕೂಡಲೇ ತೋರಿಸಿ.

ಪುಟ್ಟಿ ಸರಿ ಹೋದಳು. ಎಲ್ಲರೂ ನಕ್ಕೆವು. ಕಥೆ ಇಲ್ಲಿಗೇ ನಿಂತಿದ್ದರೆ ನಾನು ಇವತ್ತು ಇಷ್ಟು ಒತ್ತಿ ಮಾತಾಡುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಅಜ್ಜಿ ಮತ್ತೆ ಫೋನ್ ಮಾಡಿದರು. "ಪುಟ್ಟಿ ಮತ್ತೆ ಮಂಚದ ಕೆಳಗೆ ಸೇರ್ಕೊಂಡಿದಾಳೆ, ಊಟ ಬೇಡ ಅಂತಾಳೆ." ನಾನು ಏನಂದೆ ಗೊತ್ತೇ? "ಹೋದ ಸಲದ ಹಾಗೇ ಇರ್ಬೇಕು ಅಮ್ಮಾ, ಎರಡು ದಿನ ನೋಡಿ." ಫೋನ್ ಇಡುವ ಮೊದಲು ಅವರು ಸುಮ್ನೆ ಒಂದು ಮಾತು ಸೇರಿಸಿದರು. "ನೀರು ಮಾತ್ರ ಬಕೆಟ್‌ಗಟ್ಟಲೆ ಕುಡೀತಾಳೆ." ನನ್ನ ಎದೆ ಧಸಕ್ಕೆಂದಿತು. "ಈಗಲೇ ಕರೆದುಕೊಂಡು ಬನ್ನಿ" ಎಂದೆ. ಗರ್ಭಕೋಶದ ತುಂಬ ಕೀವು. ಆ ಒಂದು ಮಾತು ಅವರು ಹೇಳದೇ ಇದ್ದಿದ್ದರೆ ನನ್ನ 'ಎರಡು ದಿನ' ಪುಟ್ಟಿಯನ್ನು ಕೊಂದುಬಿಡುತ್ತಿತ್ತು.

ಗರ್ಭಕೋಶದಲ್ಲಿ ಕೀವು ತುಂಬುವ ಈ ರೋಗದ ಹೆಸರು ಪಯೋಮೆಟ್ರಾ. ಇದಕ್ಕೆ ದಾರಿ ಮಾಡಿಕೊಡುವುದೂ ಅದೇ ಪ್ರೊಜೆಸ್ಟರಾನ್. ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ, ಒಳಗೆ ದ್ರವ ಒಸರಿಸುತ್ತದೆ, ಗರ್ಭಕೋಶದ ಬಾಯಿ ಮುಚ್ಚಿಸುತ್ತದೆ, ಗರ್ಭಕೋಶ ಹಿಂಡಿಕೊಳ್ಳದಂತೆ ತಡೆಯುತ್ತದೆ, ಅಲ್ಲಿನ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆ. ಮರಿಗೆ ಇದೆಲ್ಲ ಬೇಕು. ಮರಿ ಇಲ್ಲದಾಗ ಅದೇ ಬೆಚ್ಚನೆಯ ಜಾಗ ಈ-ಕೋಲೈ ಬ್ಯಾಕ್ಟೀರಿಯಾಕ್ಕೆ ಸಿಗುತ್ತದೆ. ಪ್ರತಿ ಬೆದೆಯಲ್ಲೂ ಇದೇ ನಡೆಯುವುದರಿಂದ ವಯಸ್ಸಾದಂತೆ ಅಪಾಯ ಹೆಚ್ಚು. ಮುದಿ ನಾಯಿಯೂ ಬೆದೆಗೆ ಬರುತ್ತದೆ ಎಂದೆನಲ್ಲ, ಅದಕ್ಕೇ ಹೇಳಿದ್ದು. ಸ್ವೀಡನ್ನಿನ ವಿಮೆ ದಾಖಲೆಗಳ ಪ್ರಕಾರ, ಗರ್ಭಕೋಶದ ಆಪರೇಷನ್ ಆಗದ ನಾಯಿಗಳಲ್ಲಿ ಸುಮಾರು 4ರಲ್ಲಿ 1ಕ್ಕೆ 10 ವರ್ಷದೊಳಗೆ ಇದು ಬರುತ್ತದೆ.

ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಬರುತ್ತದೆ, ನಿಮಗೆ ಕಾಣುತ್ತದೆ. ಮುಚ್ಚಿದ್ದರೆ ಏನೂ ಕಾಣುವುದಿಲ್ಲ, ಅಪಾಯ ಅದರಲ್ಲೇ ಜಾಸ್ತಿ. ಬೆದೆ ಕಳೆದು ನಾಲ್ಕು ವಾರದಿಂದ ಮೂರು ತಿಂಗಳೊಳಗೆ ನಾಯಿ ಅತಿಯಾಗಿ ನೀರು ಕುಡಿದರೆ, ಪದೇ ಪದೇ ಮೂತ್ರ ಮಾಡಿದರೆ, ವಾಂತಿ ಮಾಡಿದರೆ, ಸಪ್ಪೆಯಾದರೆ ಕಾಯಬೇಡಿ. ಅವತ್ತೇ ಹೋಗಿ. ಹೋದಾಗ ಡಾಕ್ಟರು ಕೇಳುವ ಮೊದಲೇ ಬೆದೆಯ ತಾರೀಕು ಹೇಳಿ. ತಾರೀಕು ಇದ್ದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಪುಟ್ಟಿಗೆ ಅವತ್ತೇ ರಾತ್ರಿ ಆಪರೇಷನ್ ಮಾಡಿದೆವು. ಬದುಕಿದಳು. ಈಗ ಕಾಲುಚೀಲಗಳು ಜೋಡಿಯಾಗೇ ಸಿಗುತ್ತವಂತೆ.

ಸಮಯ ಆಯ್ತು ಎಂದು ಚೀಟಿ ಬಂದಿದೆ. ಉಳಿದದ್ದು ಬೇಗ ಬೇಗ ಹೇಳುತ್ತೇನೆ. ಕೂದಲು: ಬೆದೆಯಾಗಿ ಎರಡು ಮೂರು ತಿಂಗಳಿಗೆ ಕೆಲವು ನಾಯಿಗಳ ಕೂದಲು ರಾಶಿ ರಾಶಿ ಉದುರುತ್ತದೆ. ಚರ್ಮ ಚೆನ್ನಾಗಿದ್ದರೆ ಹೆದರಬೇಡಿ, ಮತ್ತೆ ಬರುತ್ತದೆ. ಮೊದಲ ಬೆದೆಯ ಮೇಲೆ ಮೊಲೆತೊಟ್ಟು ಮೊದಲಿನಷ್ಟು ಚಿಕ್ಕದಾಗುವುದಿಲ್ಲ, ಅದೂ ಸಹಜ. ಗಂಟು ಕೈಗೆ ಸಿಕ್ಕರೆ ಮಾತ್ರ ತೋರಿಸಿ. ಸಕ್ಕರೆ ಕಾಯಿಲೆಯೂ ಇದೇ ಎರಡು ತಿಂಗಳಲ್ಲಿ ತಲೆ ಎತ್ತಬಹುದು, ಅಲ್ಲೂ ಮೊದಲ ಗುರುತು ನೀರೇ. ಮರಿಯಾಗದಂತೆ ಆಪರೇಷನ್ ಮಾಡಿಸುವವರು ಬೆದೆಯಾಗಿ ಸುಮಾರು ಮೂರು ತಿಂಗಳು ಬಿಟ್ಟು ಮಾಡಿಸಿ. ಹಾಲು ಇರುವಾಗ ಮಾಡಿಸಿದರೆ ಸುಳ್ಳು ಗಬ್ಬ ಬಹಳ ದಿನ ಎಳೆಯಬಹುದು. ಕೀವು ತುಂಬಿದ್ದರೆ ಈ ಲೆಕ್ಕ ಇಲ್ಲ, ಅದು ತುರ್ತು.

ಮುಂದಿನ ಸಾಲಿನಲ್ಲಿ ಒಬ್ಬ ಅಕ್ಕ ಆಗಿನಿಂದ ಕೈ ಎತ್ತಿದ್ದಾರೆ. ಹೇಳಿ ಅಕ್ಕಾ, ಏನಾಗಿದೆ ನಿಮ್ಮ ನಾಯಿಗೆ? ಮೊದಲು ತಾರೀಕು ಹೇಳಿಬಿಡಿ.