ಒತ್ತಡದ ಮುಳ್ಳು ನೋಡಿ ಮರಳು ತೊಳೆಯಿರಿ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಂಥ ನಗರಗಳ ಅಪಾರ್ಟ್‌ಮೆಂಟುಗಳಲ್ಲಿ ಈಗ ಈಜುಕೊಳ ಅಪರೂಪವೇನಲ್ಲ. ಆದರೆ ಕೊಳದ ನೀರನ್ನು ತಿಳಿಯಾಗಿಡುವ ಮರಳಿನ ಫಿಲ್ಟರು ಪಂಪು ಕೋಣೆಯ ಮೂಲೆಯಲ್ಲಿರುವುದರಿಂದ ನಿವಾಸಿಗಳ ಕಣ್ಣಿಗೆ ಬೀಳುವುದಿಲ್ಲ. ಅದರ ಪಾಲನೆ ಅಲ್ಲಿನ ಸಿಬ್ಬಂದಿಯ ವಾಡಿಕೆಗೆ ಬಿಟ್ಟ ಸಂಗತಿ. ಕೆಲವು ಕಡೆ ದಿನವೂ ಬ್ಯಾಕ್‌ವಾಶ್ ಮಾಡುತ್ತಾರೆ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳಿನ ಕೊಳೆಯನ್ನು ಮೋರಿಗೆ ಬಿಡುತ್ತಾರೆ. ಇನ್ನು ಕೆಲವು ಕಡೆ ನೀರು ಹಸಿರಾಗುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ಎರಡೂ ಸರಿಯಲ್ಲ.

ಪಂಪು ತಳ್ಳಿದ ನೀರು ತೊಟ್ಟಿಯ ಮೇಲ್ಭಾಗದಿಂದ ಮರಳಿನ ಹಾಸಿನೊಳಕ್ಕೆ ಇಳಿದು, ತಳದಲ್ಲಿರುವ ಸಣ್ಣ ಸೀಳುಗಳುಳ್ಳ ಲ್ಯಾಟರಲ್ ಕೊಳವೆಗಳನ್ನು ಹೊಕ್ಕು ಕೊಳಕ್ಕೆ ಹಿಂದಿರುಗುತ್ತದೆ. ಮರಳಿನ ಕಾಳುಗಳ ಗಾತ್ರ ಸುಮಾರು ಅರ್ಧ ಮಿಲಿಮೀಟರ್. ಆಗತಾನೇ ತೊಳೆದ ಮರಳಿನ ಸಂದುಗಳಲ್ಲಿ ನವಿರಾದ ಕಣಗಳು ಸುಲಭವಾಗಿ ನುಸುಳಿಹೋಗುತ್ತವೆ. ಒಂದಿಷ್ಟು ಕೊಳೆ ಸಿಕ್ಕಿಕೊಂಡ ಮೇಲೆ ಆ ಕೊಳೆಯೇ ಸಂದುಗಳನ್ನು ಕಿರಿದಾಗಿಸಿ, ಮೊದಲು ತಪ್ಪಿಸಿಕೊಳ್ಳುತ್ತಿದ್ದ ಕಣಗಳನ್ನೂ ತಡೆಯುತ್ತದೆ. ಆದುದರಿಂದ ದಿನವೂ ತೊಳೆಯುವವರು ಫಿಲ್ಟರಿನ ಶಕ್ತಿಯನ್ನು ತಾವೇ ಕುಗ್ಗಿಸುತ್ತಿರುತ್ತಾರೆ. ಕೊಳೆ ಅತಿಯಾದರೆ ನೀರಿನ ಹರಿವು ಇಳಿಯುತ್ತದೆ.

ಯಾವಾಗ ತೊಳೆಯಬೇಕೆಂಬುದನ್ನು ಪ್ರೆಷರ್ ಗೇಜ್ ತಿಳಿಸುತ್ತದೆ. ತೊಳೆದ ಕೂಡಲೇ ಅದರ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಡಿ. ಆ ಅಂಕಿಗಿಂತ ಒತ್ತಡ 8ರಿಂದ 10 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು ಏರಿದಾಗ ಬ್ಯಾಕ್‌ವಾಶ್ ಮಾಡಬೇಕು. ಒತ್ತಡ ಏರುವ ಬದಲು ಇಳಿದಿದ್ದರೆ ದೋಷ ಮರಳಿನದಲ್ಲ. ಪಂಪಿನ ಮುಂದಿರುವ ಬುಟ್ಟಿಯಲ್ಲಿ ಕೂದಲು, ಎಲೆ ತುಂಬಿರಬಹುದು, ಇಲ್ಲವೇ ಕೊಳದ ನೀರಿನ ಮಟ್ಟ ತಗ್ಗಿ ಪಂಪು ಗಾಳಿ ಎಳೆಯುತ್ತಿರಬಹುದು.

ಫಿಲ್ಟರಿನಲ್ಲಿ ನೀರು ಹರಿಯುವ ದಾರಿಯನ್ನು ಬದಲಿಸುವ ಮಲ್ಟಿಪೋರ್ಟ್ ವಾಲ್ವಿನ ಹಿಡಿಕೆಯನ್ನು ತಿರುಗಿಸುವ ಮೊದಲು ಪಂಪನ್ನು ನಿಲ್ಲಿಸಲೇಬೇಕು. ಪಂಪು ಓಡುತ್ತಿರುವಾಗಲೇ ತಿರುಗಿಸುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಇದರಿಂದ ಒಳಗಿನ ರಬ್ಬರ್ ಗ್ಯಾಸ್ಕೆಟ್ ಸುರುಳಿಗಟ್ಟಿ ಹರಿದುಹೋಗಿ, ಕೊಳೆನೀರು ಮರಳನ್ನು ಮುಟ್ಟದೆಯೇ ಕೊಳ ಸೇರುತ್ತದೆ, ಇಲ್ಲವೇ ಶುದ್ಧ ನೀರು ಸದಾ ಮೋರಿಗೆ ಸೋರುತ್ತಿರುತ್ತದೆ. ಪಾರದರ್ಶಕ ಗಾಜಿನಲ್ಲಿ ನೀರು ತಿಳಿಯಾಗಿ ಕಾಣುವವರೆಗೆ, ಸಾಮಾನ್ಯವಾಗಿ 2–3 ನಿಮಿಷ, ಬ್ಯಾಕ್‌ವಾಶ್ ಸಾಕು. ಬಳಿಕ ಪಂಪು ನಿಲ್ಲಿಸಿ, ಹಿಡಿಕೆಯನ್ನು ರಿನ್ಸ್ ಸ್ಥಾನಕ್ಕೆ ತಂದು, ಪಂಪು ಓಡಿಸಿ, ಮರಳಿನ ಮೂಲಕ ಮೇಲಿನಿಂದ ಇಳಿದ ನೀರನ್ನು ಅರ್ಧ ನಿಮಿಷವಾದರೂ ಮೋರಿಗೆ ಹೊರಬಿಡಬೇಕು. ಈ ಹೆಜ್ಜೆಯನ್ನು ಬಿಟ್ಟರೆ ಸಡಿಲಗೊಂಡ ಕೊಳೆಯೆಲ್ಲ ಕೊಳಕ್ಕೆ ವಾಪಸಾಗುತ್ತದೆ.

ನೀರಿನ ಲೆಕ್ಕವನ್ನೂ ಗಮನಿಸಿ. ಎರಡು ಅಡಿ ವ್ಯಾಸದ ಫಿಲ್ಟರಿನಲ್ಲಿ ಒಂದು ಸಲದ ಬ್ಯಾಕ್‌ವಾಶ್‌ಗೆ ಸುಮಾರು 700 ಲೀಟರ್ ನೀರು ಹೊರಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಅಭಾವ ಬಿಗಡಾಯಿಸಿದಾಗ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಪ್ರಕಟಿಸಿತ್ತು. ಅಂಥ ಊರಿನಲ್ಲಿ ಅಗತ್ಯವಿಲ್ಲದೆ ದಿನವೂ 700 ಲೀಟರ್ ನೀರನ್ನು ಮೋರಿಗೆ ಬಿಡುವುದನ್ನು ನಾನಂತೂ ಶುಚಿತ್ವವೆಂದು ಕರೆಯಲಾರೆ.

ಆದರೆ ಗೇಜನ್ನೇ ಕುರುಡಾಗಿ ನಂಬುವಂತೆಯೂ ಇಲ್ಲ. ಕೊಳವೆಬಾವಿಯ ಗಡಸು ನೀರು ತುಂಬಿಸುವ ಕಡೆಗಳಲ್ಲಿ ಸುಣ್ಣದ ಅಂಶವು ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ಮರಳನ್ನು ಗಟ್ಟಿ ಹೆಂಟೆಗಳಾಗಿ ಮಾಡುತ್ತದೆ. ಮೈಗೆ ಹಚ್ಚಿಕೊಂಡ ಎಣ್ಣೆಯ ಜಿಡ್ಡೂ ಅದಕ್ಕೆ ಸೇರುತ್ತದೆ. ಆಗ ನೀರು ಹೆಂಟೆಗಳ ನಡುವೆ ದಾರಿ ಕೊರೆದುಕೊಂಡು ನೇರವಾಗಿ ಕೆಳಗಿಳಿಯುವುದರಿಂದ, ಮುಳ್ಳು ತನ್ನ ಸ್ಥಾನದಲ್ಲೇ ಇದ್ದರೂ ಕೊಳ ಮಬ್ಬಾಗಿರುತ್ತದೆ. ವರ್ಷಕ್ಕೊಮ್ಮೆಯಾದರೂ ಪಂಪು ನಿಲ್ಲಿಸಿ, ಗಾಳಿ ಬಿಡುವ ತಿರುಪಿನಿಂದ ಒತ್ತಡವನ್ನು ಪೂರ್ತಿ ಇಳಿಸಿ, ಆಮೇಲೆಯೇ ಮುಚ್ಚಳ ತೆಗೆದು ಮರಳಿಗೆ ಕೈಹಾಕಿ ನೋಡಬೇಕು. ಒತ್ತಡವಿರುವಾಗ ಸಡಿಲಿಸಿದ ಮುಚ್ಚಳ ಸಿಡಿದು ಪ್ರಾಣಾಪಾಯ ತರಬಲ್ಲದು. ಮರಳು ಬೆರಳುಗಳ ನಡುವೆ ಉದುರಿದರೆ ಸರಿ. ಜಿಡ್ಡಾಗಿ ಮುದ್ದೆಗಟ್ಟಿದ್ದರೆ ಬದಲಿಸುವುದೇ ಲೇಸು. ಐದರಿಂದ ಏಳು ವರ್ಷಕ್ಕೆ ಬದಲಿಸಬೇಕೆಂಬುದು ರೂಢಿಯ ಮಾತು; ಗಡಸು ನೀರಿನಲ್ಲಿ ಅಷ್ಟು ಕಾಲ ಬಾಳಿಕೆ ಬಾರದಿರಬಹುದು.

ಬದಲಿಸುವಾಗ ಕಟ್ಟಡದ ಕೆಲಸದ ಮರಳನ್ನೋ ಎಂ-ಸ್ಯಾಂಡನ್ನೋ ತುಂಬಿ ಹಣ ಉಳಿಸಲು ಹೋಗಬೇಡಿ. ಅವುಗಳ ಕಾಳು ಒಂದೇ ಸಮನಾಗಿರುವುದಿಲ್ಲ, ಹುಡಿಯೂ ಹೆಚ್ಚು. ಫಿಲ್ಟರಿಗೆಂದೇ ಜರಡಿ ಹಿಡಿದ ಸಿಲಿಕಾ ಮರಳು ಬೇಕು. ಮೊದಲು ತೊಟ್ಟಿಯ ಅರ್ಧದಷ್ಟು ನೀರು ತುಂಬಿಸಿ, ನಂತರ ಮರಳನ್ನು ನಿಧಾನವಾಗಿ ಸುರಿಯಬೇಕು. ಒಣ ತೊಟ್ಟಿಗೆ ಚೀಲಗಟ್ಟಲೆ ಸುರಿದರೆ ಅದರ ಭಾರಕ್ಕೆ ತಳದ ಲ್ಯಾಟರಲ್‌ಗಳು ಮುರಿಯುತ್ತವೆ, ಆಮೇಲೆ ಕೊಳದ ತಳದಲ್ಲಿ ಮರಳು ಕಾಣಿಸಿಕೊಳ್ಳುತ್ತದೆ. ಮುಚ್ಚಳ ಬಿಗಿದು ಪಂಪನ್ನು ಮೊದಲ ಸಲ ಓಡಿಸುವಾಗ ಹಿಡಿಕೆ ಬ್ಯಾಕ್‌ವಾಶ್ ಸ್ಥಾನದಲ್ಲಿರಲಿ. ಹೊಸ ಮರಳಿನ ಧೂಳು ಹೊರಹೋದ ಮೇಲೆ ರಿನ್ಸ್ ಮಾಡಿ, ಅನಂತರವೇ ಫಿಲ್ಟರ್ ಸ್ಥಾನಕ್ಕೆ ತನ್ನಿ. ನಮಸ್ಕಾರ.