ರೊಟ್ಟಿ ಎಲ್ಲಿ ಬಡೀತೀರಿ?

ಕೇಳುಗರಿಗೆ ನಮಸ್ಕಾರ.

ಕಲಬುರಗಿಯಲ್ಲಿ ಮನೆ ನಕ್ಷೆ ಹಾಕಿಕೊಡುವುದು ನನ್ನ ಕಸುಬು. ಈಚೆಗೆ ಬರುವವರಲ್ಲಿ ಅನೇಕರು ಒಂದು ಮಾತು ಹೇಳುತ್ತಾರೆ. "ಮೇಡಂ, ಅಡಗಿ ಮನಿ ಮಾತ್ರ ಹಳೇ ಕಾಲದ ಥರ ಇರ್ಲಿ ನೋಡ್ರಿ." ಹೇಳಿ ಮೊಬೈಲ್ ತೆಗೆದು ಫೋಟೊ ತೋರಿಸುತ್ತಾರೆ. ಫಳಫಳ ಹೊಳೆಯುವ ಹಿತ್ತಾಳೆ ಕೊಡಗಳ ಸಾಲು. ಕೆತ್ತನೆ ಬಾಗಿಲಿನ ಕಪಾಟು. ಮಣ್ಣಿನ ಬಣ್ಣದ ಗೋಡೆ. ಮೇಲಿಂದ ಇಳಿಬಿಟ್ಟ ಲಾಟೀನು, ಒಳಗೆ ಎಲ್‌ಇಡಿ ಬಲ್ಬು. ನೋಡಲು ಚೆಂದ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಇದರಲ್ಲಿ ರೊಟ್ಟಿ ಎಲ್ಲಿ ಬಡೀತೀರಿ? ಗಂಡ ಹೆಂಡತಿಯ ಮುಖ ನೋಡುತ್ತಾರೆ. ಹೆಂಡತಿ ಫೋಟೊ ನೋಡುತ್ತಾರೆ.

ಈ ಪ್ರಶ್ನೆ ಕೇಳುವುದನ್ನು ನನಗೆ ಕಲಿಸಿದ್ದು ನನ್ನದೇ ತಪ್ಪು. ನಮ್ಮ ಸ್ವಂತ ಮನೆ ಕಟ್ಟಿದಾಗ ಅಡುಗೆಮನೆಗೆ ಕರಿ ಗ್ರಾನೈಟಿನ ಕಟ್ಟೆ ಹಾಕಿಸಿದೆ. ಎತ್ತರ 34 ಇಂಚು. ಎಲ್ಲರೂ ಹಾಕುವ ಎತ್ತರವೇ. ಗೃಹಪ್ರವೇಶ ಮುಗಿದ ಮಾರನೇ ದಿನ ಅವ್ವ ರೊಟ್ಟಿಗೆ ನಿಂತಳು. ಅವ್ವನ ಎತ್ತರ ಐದಡಿಗೆ ಎರಡಿಂಚು ಕಮ್ಮಿ. ಎರಡು ರೊಟ್ಟಿ ಬಡಿದಳು. ಮೂರನೆಯದಕ್ಕೆ ಕೈ ನಿಲ್ಲಿಸಿದಳು.

"ಕಟ್ಟಿ ಚೆಂದ ಅದ ಯವ್ವಾ. ಖರೆ ಎದಿ ಮಟ ಬರ್ತದ. ಹಿಂಗ ನಿಂತು ಬಡದ್ರ ನನ್ನ ಭುಜ ಉಳೀತಾವೇನು?"

ಅಷ್ಟು ಹೇಳಿ ಸಿಂಕಿನ ಪಕ್ಕದ ನೆಲದಲ್ಲಿ ಒಂದು ಫರ್ಸಿ ಕಲ್ಲಿನ ತುಂಡು ಇಟ್ಟುಕೊಂಡಳು. ಮಣೆ ಹಾಕಿಕೊಂಡು ಕೂತಳು. ಹಿಟ್ಟು ಕೆಳಗೆ, ಒಲೆ ಮೇಲೆ. ಒಂದು ರೊಟ್ಟಿ ಬಡಿಯುವುದು, ಎದ್ದು ಹಂಚಿಗೆ ಹಾಕುವುದು, ಮತ್ತೆ ಕೂರುವುದು. ಇಪ್ಪತ್ತು ರೊಟ್ಟಿ ಅಂದರೆ ಇಪ್ಪತ್ತು ಬೈಠಕ್. ಅದೂ ಮನೆ ನಕ್ಷೆ ಹಾಕುವ ಮಗಳ ಮನೆಯಲ್ಲಿ!

ರೊಟ್ಟಿ ಬಡಿಯುವುದು ಚಪಾತಿ ಲಟ್ಟಿಸಿದ ಹಾಗಲ್ಲ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಅದಕ್ಕೇ ಬಿಸಿ ನೀರು ಹಾಕಿ ಕಲಸುತ್ತೇವೆ. ಅಂಗೈಯಿಂದ ಒತ್ತಿ ಒತ್ತಿ ನಾದುತ್ತೇವೆ. ಆಮೇಲೆ ಒಣ ಹಿಟ್ಟು ಉದುರಿಸಿ, ಬಡಿಯುತ್ತ ತಿರುಗಿಸುತ್ತ ಹೋಗುತ್ತೇವೆ. ಕೈಯ ಭಾರ ಮೇಲಿಂದ ಬೀಳಬೇಕು. ಕಟ್ಟೆ ಎತ್ತರವಾದರೆ ಭಾರ ಬೀಳುವುದಿಲ್ಲ. ಭುಜ ಎತ್ತಿ ಎತ್ತಿ ಬಡಿಯಬೇಕಾಗುತ್ತದೆ. ನಮ್ಮ ಕಡೆ ಅಡುಗೆಮನೆಯ ದೊಡ್ಡ ಕೆಲಸವೇ ಇದು. ಉಳಿದದ್ದೆಲ್ಲ ಇದರ ಸುತ್ತ ಹೊಂದಿಕೊಳ್ಳಬೇಕು ಅಂತ ನಾನು ನಂಬಿದ್ದೇನೆ.

ಈ ನಿಂತು ಮಾಡುವ ಅಡುಗೆ ಕಟ್ಟೆಗೆ ಒಂದು ಕಥೆ ಇದೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಬಡಾವಣೆಗಳಿಗೆ ಒಬ್ಬ ಮಹಿಳೆ ಅಡುಗೆಮನೆಯ ನಕ್ಷೆ ಹಾಕಿದರು. ಆಸ್ಟ್ರಿಯಾದವರು, ಹೆಸರು ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ. ಉದ್ದ 3.4 ಮೀಟರ್, ಅಗಲ 1.9 ಮೀಟರ್. ಅವರಿಗೆ ಮಾದರಿಯಾದದ್ದು ರೈಲಿನ ಊಟದ ಬೋಗಿಯ ಇಕ್ಕಟ್ಟಾದ ಅಡುಗೆಮನೆ. ಹೆಣ್ಣುಮಕ್ಕಳ ಹೆಜ್ಜೆ ಉಳಿಸಬೇಕು ಅನ್ನುವುದು ಅವರ ಲೆಕ್ಕ. ಅಂಥವು ಆ ಊರಲ್ಲಿ ಸುಮಾರು 10,000 ಆದವು. ಇವತ್ತು ನಾವು ಮಾಡ್ಯುಲರ್ ಕಿಚನ್ ಅನ್ನುತ್ತೇವಲ್ಲ, ಅದರ ಅಜ್ಜಿ ಇದು. ಒಂದು ಸಂಗತಿ ಓದಿ ನನಗೆ ನಗು ಬಂತು. ಆ ಅಡುಗೆಮನೆಯಲ್ಲಿ ಕಿಟಕಿ ಮುಂದೆ ಕೂತು ಹೆಚ್ಚಲು ಒಂದು ತಿರುಗುವ ಸ್ಟೂಲ್ ಇತ್ತು. ಜರ್ಮನಿಯಿಂದ ನಮ್ಮ ಸೇಡಂ ರೋಡಿಗೆ ಬರುವಷ್ಟರಲ್ಲಿ ಕಟ್ಟೆ ಬಂತು, ಕಪಾಟು ಬಂತು. ಸ್ಟೂಲ್ ದಾರಿಯಲ್ಲೇ ಇಳಿದುಬಿಟ್ಟಿತು.

ನೀವು ಈಗ ಅಡುಗೆಮನೆಯಲ್ಲೇ ರೇಡಿಯೊ ಹಚ್ಚಿಕೊಂಡು ಕೇಳುತ್ತಿರಬಹುದು. ಹಾಗಿದ್ದರೆ ಒಂದು ನಿಮಿಷ ಸೌಟು ಕೆಳಗಿಡಿ. ನೆಟ್ಟಗೆ ನಿಂತು ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗೆ ಟೇಪು ಹಿಡಿಯಿರಿ. ಐದಡಿ ಎತ್ತರದವರಿಗೆ 37-38 ಇಂಚು ಬರುತ್ತದೆ. ಕಾಯಿಪಲ್ಯ ಹೆಚ್ಚಲು ಕಟ್ಟೆ ಅದಕ್ಕಿಂತ ನಾಲ್ಕು ಇಂಚು ಕೆಳಗಿದ್ದರೆ ಸಾಕು. ನಾದಲು, ಬಡಿಯಲು ಎಂಟು ಇಂಚಾದರೂ ಕೆಳಗೆ ಬೇಕು. ಗ್ಯಾಸ್ ಒಲೆಯದು ಇನ್ನೊಂದು ಲೆಕ್ಕ. ಒಲೆಯೇ ನಾಲ್ಕೈದು ಇಂಚು ಎತ್ತರ. ಅದನ್ನು 34 ಇಂಚಿನ ಕಟ್ಟೆ ಮೇಲಿಟ್ಟರೆ ಹಂಚು ಮೊಣಕೈ ದಾಟಿ ಹೋಗುತ್ತದೆ. ದೊಡ್ಡ ಬೋಗುಣಿಯಲ್ಲಿ ಬೇಳೆ ಇಟ್ಟಿದ್ದರೆ, ಬೆಂದಿದೆಯೋ ಇಲ್ಲವೋ ನೋಡಲು ತುದಿಗಾಲಲ್ಲಿ ನಿಲ್ಲಬೇಕು. ಸಿಂಕಿನದು ಉಲ್ಟಾ. ಅಲ್ಲಿ ನಮ್ಮ ಕೈ ಇರುವುದು ತಳದಲ್ಲಿ. ತಳ ಏಳೆಂಟು ಇಂಚು ಆಳ. ಹಾಗಾಗಿ ಸಿಂಕ್ ಎತ್ತರದಲ್ಲೇ ಇರಬೇಕು, ಇಲ್ಲದಿದ್ದರೆ ಸೊಂಟ ಹಿಡಿಯುತ್ತದೆ.

ಅಂದರೆ ಸಿಂಕ್ ಮತ್ತು ಹೆಚ್ಚುವ ಜಾಗ ಒಂದು ಮಟ್ಟ. ಒಲೆ ಮತ್ತು ರೊಟ್ಟಿ ಜಾಗ ಇನ್ನೊಂದು ಮಟ್ಟ, ಐದಾರು ಇಂಚು ಕೆಳಗೆ. "ಕಟ್ಟಿ ಒಂದೇ ಲೆವಲ್ ಇದ್ರ ಲುಕ್ ಬರ್ತದ್ರಿ" ಅಂತ ಗೌಂಡಿ ತಕರಾರು ಮಾಡುತ್ತಾನೆ. ಹಳೇ ಅಡುಗೆಮನೆ ಯಾವುದರಲ್ಲಾದರೂ ಎಲ್ಲ ಒಂದೇ ಮಟ್ಟದಲ್ಲಿ ಇತ್ತಾ? ಒಲೆ ನೆಲಕ್ಕೆ ಅಂಟಿಕೊಂಡಿತ್ತು. ನೀರಿನ ಹರವಿಗೆ ಬೇರೆ ಕಟ್ಟೆ. ಬೆಣ್ಣೆ, ಹಾಲು ಬೆಕ್ಕಿಗೆ ಸಿಗದ ಹಾಗೆ ನೆಲುವಿನಲ್ಲಿ ತೂಗಾಡುತ್ತಿದ್ದವು. ಕೆಲಸ ಹೇಗೋ ಎತ್ತರ ಹಾಗೆ.

ಇನ್ನು ಹೊಗೆಯ ವಿಷಯ. ಅಜ್ಜಿಯ ಮನೆ ಕಾಗಿಣಾ ಹೊಳೆಯ ಕಡೆ. ಮಣ್ಣಿನ ಮಾಳಿಗೆ. ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ, ಒಲೆಯ ನೆತ್ತಿಗೆ ಒಂದು ಬೆಳಕಿಂಡಿ. ಬೆಳಿಗ್ಗೆ ಅದರಿಂದ ಬಿಸಿಲಿನ ಕೋಲು ಇಳಿಯುತ್ತಿತ್ತು, ಹೊಗೆ ಅದನ್ನೇ ಹಿಡಿದು ಮೇಲೆ ಹೋಗುತ್ತಿತ್ತು. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಗಡಿಗೆ ಬೋರಲು ಹಾಕಿ ಬರಬೇಕು. ಅಷ್ಟಾದರೂ ಹೊಗೆಯೆಲ್ಲ ಹೋಗುತ್ತಿರಲಿಲ್ಲ ಬಿಡಿ. ಅಜ್ಜಿಯ ಕಣ್ಣು ಯಾವಾಗಲೂ ಕೆಂಪು. ಹಳೆಯದೆಲ್ಲ ಚೆನ್ನಾಗಿತ್ತು ಅನ್ನುವವರು ಆ ಒಲೆ ಮುಂದೆ ಒಂದು ತಾಸು ಕೂತು ಬರಲಿ. ಈಗಲೂ ಕಟ್ಟಿಗೆ ಒಲೆಯ ರುಚಿ ಬೇಕು ಅನ್ನುವವರಿಗೆ ನಾನು ಹೇಳುವುದು ಹಿತ್ತಲಲ್ಲಿ ಹಾಕಿಕೊಳ್ಳಿ, ಹೊಗೆ ಕೊಳವೆ ಇರುವ ಅಸ್ತ್ರ ಒಲೆಯನ್ನೇ ಹಾಕಿಕೊಳ್ಳಿ ಅಂತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಒಲೆ ಅದು. ಒಂದೇ ಬೆಂಕಿಗೆ ಮೂರು ಪಾತ್ರೆ ಕೂರುತ್ತವೆ, ಕಟ್ಟಿಗೆಯೂ ಕಮ್ಮಿ ಸಾಕು.

ಆದರೆ ಬೆಳಕಿಂಡಿಯನ್ನು ಮಾತ್ರ ಬಿಡಬೇಡಿ. ನಮ್ಮ ಮೇ ತಿಂಗಳು ನಿಮಗೆ ಗೊತ್ತೇ ಇದೆ. ಸ್ಲ್ಯಾಬ್ ಕಾದು, ಕೆಳಗೆ ಒಲೆ ಉರಿದು, ನಡುವೆ ಅಡುಗೆ ಮಾಡುವವರು ಬೇಯುತ್ತಾರೆ. ಒಲೆಯ ಹತ್ತಿರದ ಸ್ಲ್ಯಾಬಿನಲ್ಲಿ ಎರಡಡಿ ಚೌಕದ ಕಿಂಡಿ ಬಿಡಿಸಿ. ಅದರ ಸುತ್ತ ಮಾಳಿಗೆ ಮೇಲೆ ಒಂದೂವರೆ ಅಡಿ ಗೋಡೆ ಎಬ್ಬಿಸಿ, ನೆತ್ತಿಗೆ ದಪ್ಪ ಗಾಜು, ಪಕ್ಕಕ್ಕೆ ಜಾಳಿಗೆ. ಬಿಸಿ ಗಾಳಿ ಪಕ್ಕದಿಂದ ಹೋಗುತ್ತದೆ, ಮಳೆ ಒಳಗೆ ಬರುವುದಿಲ್ಲ. ಕಬ್ಬಿಣದ ಸರಳು ಮರೀಬೇಡಿ, ಮಂಗಗಳಿಗೆ ಗಾಜಿನ ಮನೆ ಅಂದರೆ ಬಲು ಇಷ್ಟ. ಎಕ್ಸಾಸ್ಟ್ ಫ್ಯಾನ್ ಹಾಕುವವರು ಅದನ್ನು ಕಿಟಕಿಯ ಮೇಲೆಯೇ ಕೂರಿಸಬೇಡಿ. ಕಿಟಕಿಯಿಂದ ಬಂದ ಗಾಳಿಯನ್ನೇ ಅದು ವಾಪಸ್ ಹೊರಗೆ ತಳ್ಳುತ್ತಾ ಇರುತ್ತದೆ. ಒಗ್ಗರಣೆ ಘಾಟು ಇದ್ದಲ್ಲೇ ಇರುತ್ತದೆ. ಗಾಳಿ ಒಂದು ಗೋಡೆಯಿಂದ ಬಂದು, ಒಲೆ ದಾಟಿ, ಎದುರು ಗೋಡೆಯಿಂದ ಹೋಗಬೇಕು.

ಗ್ಯಾಸ್ ಬಂದ ಮೇಲೆ ಇನ್ನೊಂದು ಕಿಂಡಿ ಬೇಕು, ಇದು ಕೆಳಗೆ. ಹೊಗೆ ಮೇಲೆ ಏರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಚೆಂದ ಕಾಣಲಿ ಅಂತ ಸಿಲಿಂಡರನ್ನು ಕೆತ್ತನೆ ಬಾಗಿಲಿನ ಹಿಂದೆ ಮುಚ್ಚಿಡುತ್ತೇವೆ, ಅಲ್ವಾ? ಆ ಬಾಗಿಲಿನ ಬುಡದಲ್ಲಿ ತೂತು ಇರಲೇಬೇಕು. ಒಲೆ ಯಾವತ್ತೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಸಿಲಿಂಡರಿನ ಎತ್ತರವೇ ಎರಡಡಿ ದಾಟುತ್ತದೆ. "ಹಾಗಾದ್ರ ಗ್ಯಾಸ್ ಒಲಿನೂ ನೆಲದ ಮ್ಯಾಲ ಇಟ್ಟುಬಿಡಮ್ಮಿ" ಅಂತ ಅವ್ವ ಅಂದಾಗ ನಾನು ಒಪ್ಪದೇ ಇದ್ದದ್ದು ಇದಕ್ಕೇ.

ಕಲ್ಲಿನ ಮಾತಿಗೆ ಬರುತ್ತೇನೆ. ದೂರದ ಊರಿನ ಟೈಲ್ಸ್ ಯಾಕೆ? ಪಕ್ಕದಲ್ಲೇ ಶಹಾಬಾದ್ ಇದೆ. ಪದರ ಪದರವಾಗಿ ಏಳುವ ಕಲ್ಲು. ಬರಿಗಾಲಿಗೆ ತಂಪು. ಒರಟು ಫರ್ಸಿ ಹಾಕಿದರೆ ನೀರು ಬಿದ್ದರೂ ಟೈಲ್ಸಿನಷ್ಟು ಜಾರುವುದಿಲ್ಲ. ಆದರೆ ಒಂದು ಎಚ್ಚರ. ಇದು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಸುಣ್ಣದ ಕಲ್ಲಿನ ಮೇಲೆಯೇ. ಸುಣ್ಣಕ್ಕೆ ಹುಳಿ ಆಗಿಬರುವುದಿಲ್ಲ. ನಂಬಿಕೆ ಬರದಿದ್ದರೆ ಒಂದು ಫರ್ಸಿ ಚೂರಿನ ಮೇಲೆ ನಿಂಬೆ ಹಿಂಡಿ ಸ್ವಲ್ಪ ಹೊತ್ತು ಬಿಡಿ. ಒರೆಸಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ನಮ್ಮ ಊಟ ನೋಡಿದರೆ ಹುಣಸೆ ಹುಳಿ, ಮಜ್ಜಿಗೆ ಹುಳಿ, ಪುಂಡಿಪಲ್ಯ ಹುಟ್ಟಾ ಹುಳಿ! ಅದಕ್ಕೇ ನೆಲಕ್ಕೆ ಫರ್ಸಿ, ಸಿಂಕಿನ ಕಟ್ಟೆಗೆ ಗ್ರಾನೈಟ್ ಅನ್ನುವುದು ನನ್ನ ಪದ್ಧತಿ. ರೊಟ್ಟಿ ಬಡಿಯುವ ಮೂರಡಿ ಜಾಗಕ್ಕೆ ಮಾತ್ರ ನಯ ಮಾಡಿದ ಫರ್ಸಿ ಹಾಕಬಹುದು, ಅಲ್ಲಿ ಬೀಳುವುದು ಹಿಟ್ಟು ಅಷ್ಟೇ. ನೆಲ ತೊಳೆಯಲು ಆ್ಯಸಿಡ್ ಮುಟ್ಟಲೇಬೇಡಿ.

ಕೆಳಗಿನ ಕಪಾಟುಗಳ ಒಡಲನ್ನು ಫರ್ಸಿ ಅಥವಾ ಕಡಪ ಕಲ್ಲಿನಲ್ಲೇ ನಿಲ್ಲಿಸಿ, ಬಾಗಿಲು ಮಾತ್ರ ಕಟ್ಟಿಗೆಯದು ಮಾಡಿಸಿ. ಗೆದ್ದಲು ಹಿಡಿದರೆ ಬಾಗಿಲು ಬದಲಾಯಿಸಿದರಾಯಿತು. ಹಳೇ ಮನೆಗಳ ಗೋಡೆ ಎರಡು ಮೂರು ಅಡಿ ದಪ್ಪ, ಎಷ್ಟು ಆಳದ ಮಾಡ ಬೇಕಾದರೂ ಕೊರೆಯಬಹುದಿತ್ತು. ನಮ್ಮದು ಒಂಬತ್ತು ಇಂಚು. ಅದರಲ್ಲಿ ನಾಲ್ಕು ಇಂಚಿನ ಮಾಡ ಬಿಡಿಸಿದರೆ ಉಪ್ಪು, ಖಾರ, ಶೇಂಗಾ ಹಿಂಡಿ ಡಬ್ಬಿಗೆ ಸಾಕು. ಕಟ್ಟುವಾಗಲೇ ಬಿಡಿಸಿ, ಆಮೇಲೆ ಒಡೆಯಬೇಡಿ. ತೆರೆದ ಹಲಗೆಗಳು ಫೋಟೊದಲ್ಲಿ ಚೆಂದ, ನಮ್ಮ ಧೂಳಿನಲ್ಲಿ ಅಲ್ಲ.

ಒಂದು ಸಣ್ಣ ಉಗ್ರಾಣ ಇರಲಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಹೊಲ ಇದ್ದವರ ಮನೆಗೆ ತೊಗರಿ, ಜೋಳ ಚೀಲಗಟ್ಟಲೆ ಬರುತ್ತದೆ. ಐವತ್ತು ಕಿಲೋ ಚೀಲ ಮಾಡ್ಯುಲರ್ ಡ್ರಾಯರಿನಲ್ಲಿ ಹಿಡಿಸುತ್ತದಾ? ಹಿಂದೆ ಕಾಳು ತುಂಬಿಡಲು ನೆಲದೊಳಗೆ ಹಗೇವು ಇತ್ತು, ಈಗ ಡ್ರಮ್ಮುಗಳಿಗೆ ನಾಲ್ಕಡಿ ಮೂಲೆಯಾದರೂ ಬೇಕು. ಹಾಗೆಯೇ ದೊಡ್ಡ ಪಾತ್ರೆ ತಿಕ್ಕಲು ನೆಲಮಟ್ಟದಲ್ಲಿ ಒಂದು ತಗ್ಗು. ಎಳ್ಳಮವಾಸ್ಯೆಯ ಭಜ್ಜಿ ಮಾಡಿದ ಪಾತ್ರೆ ಯಾವ ಸಿಂಕಿನಲ್ಲೂ ಕೂರುವುದಿಲ್ಲ.

ಹಿತ್ತಾಳೆ ಪಾತ್ರೆ ಬೇಕಾದರೆ ಇಡಿ. ಹುಣಸೆ ಹಚ್ಚಿ ಬೆಳಗುವವರು ಯಾರು ಅಂತ ಮೊದಲು ಮನೆಯಲ್ಲಿ ಮಾತಾಡಿಕೊಳ್ಳಿ. ಅಡುಗೆಗೆ ಬಳಸುವುದಾದರೆ ಕಲಾಯಿ ಹಾಕಿಸಿ. ಬೀದರಿನ ಬಿದ್ರಿ ಸಾಮಾನು ಗೋಡೆಗೆ ಸರಿ, ಊಟಕ್ಕೆ ಬೇಡ. ಅದು ಸತುವಿನ ಮಿಶ್ರಲೋಹ.

ನಮ್ಮ ಕಟ್ಟೆಯ ಕಥೆ ಅರ್ಧಕ್ಕೇ ನಿಂತಿತ್ತು. ಕೊನೆಗೆ ಗ್ರಾನೈಟ್ ಒಡೆಸಿದೆ. ಒಲೆಗೆ, ರೊಟ್ಟಿಗೆ ಬೇರೆ ಕಟ್ಟೆ. ಅವ್ವನ ಮೊಣಕೈ ಅಳೆದು 28 ಇಂಚು ಅಂತ ಗೋಡೆ ಮೇಲೆ ಬರೆದೆ. ಗೌಂಡಿ 28ಕ್ಕೇ ಕಟ್ಟಿದ, ಹಳೇ ಟೈಲ್ಸಿನಿಂದ ಅಳೆದು. ಆಮೇಲೆ ಟೈಲ್ಸ್ ಮೇಲೆಯೇ ಮಾಲು ಹಾಕಿ ಫರ್ಸಿ ಹಾಸಿದೆವು. ನೆಲ ಎರಡೂವರೆ ಇಂಚು ಮೇಲೆ ಬಂತು, ಕಟ್ಟೆ ಇಪ್ಪತ್ತೈದೂವರೆಗೆ ಇಳಿಯಿತು. ಅಳತೆ ಯಾವಾಗಲೂ ಕೆಲಸ ಮುಗಿದ ನೆಲದಿಂದ ಹಿಡಿಯಬೇಕು. ಊರಿಗೆಲ್ಲ ಹೇಳುವ ನಾನೇ ಇದನ್ನು ಗೌಂಡಿಗೆ ಹೇಳುವುದು ಮರೆತಿದ್ದೆ. ತಲೆ ಮೇಲೆ ಕೈ ಹೊತ್ತು ಕೂತೆ.

ಅವ್ವ ಪಡಸಾಲೆಯಿಂದ ಒಂದು ಸ್ಟೂಲ್ ಎಳೆದುಕೊಂಡು ಬಂದಳು. ಬಡಗಿ ಇನ್ನೂ ಬಂದಿರಲಿಲ್ಲ, ಕಟ್ಟೆಯ ಕೆಳಗೆ ಖಾಲಿ ಇತ್ತು. ಮೊಣಕಾಲು ಒಳಗೆ ಹೋದವು. ಕೂತಲ್ಲೇ ಹಿಟ್ಟು ನಾದಿದಳು, ಬಡಿದಳು, ಕೈ ಚಾಚಿ ಹಂಚಿಗೆ ಹಾಕಿದಳು. ಒದ್ದೆ ಬಟ್ಟೆಯಿಂದ ನೀರು ಸವರಿದಳು. ರೊಟ್ಟಿ ಉಬ್ಬಿತು.

"ಬಡಗಿಗೆ ಫೋನ್ ಹಚ್ಚು" ಅಂದಳು. "ಇಲ್ಲಿ ಕಪಾಟು ಬ್ಯಾಡ ಅಂತ ಹೇಳು."

ಹಚ್ಚಿದೆ. ನಮಸ್ಕಾರ.